ಚಿಕ್ಕಮೇಳದ ಯಜಮಾನ್ತಿಗೆ

ಪೆರ್ಲ
ಆಟಿ ತಿಂಗಳು, ಸೋಮವಾರ

ಚಿರಂಜೀವಿ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಒಂದು ದಿನ ಬಿಡುವು ಕೊಟ್ಟಿಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಬಿಡುವುದಕ್ಕೆ ಆಗಲಿಲ್ಲ, ಕೆಳಗಿನ ತೋಟದಲ್ಲಿ ಕೊಳೆರೋಗ ಶುರುವಾಗಿದೆ. ಅತ್ತೆಯ ಮಂಡಿನೋವು ಹಾಗೆಯೇ ಉಂಟು.

ಮೊನ್ನೆ ನಿನ್ನ ಅಮ್ಮ ಫೋನು ಮಾಡಿ ಅರ್ಧ ಗಂಟೆ ಅತ್ತಳು. ಹೆಗ್ಗೋಡಿಗೆ ಹೋಗಿ ಒಂದು ವರ್ಷ ನಾಟಕ ಕಲಿತದ್ದು ಸಾಲದೆ, ಈಗ ಬೆಂಗಳೂರಿನ ಕೆಲಸವನ್ನೂ ಬಿಟ್ಟು, ಮೂರು ಜನರನ್ನು ಕಟ್ಟಿಕೊಂಡು ಮಕ್ಕಳಿಗೆ ಕಥೆ ಹೇಳುತ್ತಾ ಊರೂರು ಸುತ್ತುತ್ತಾಳಂತೆ, ನೀವಾದರೂ ಬುದ್ಧಿ ಹೇಳಿ ಅಣ್ಣ, ಎಂದಳು. ಬುದ್ಧಿಯನ್ನೇ ಹೇಳುತ್ತಿದ್ದೇನೆ. ಅವಳು ಕೇಳಿದ್ದು ಬೇರೆ ಬುದ್ಧಿ, ಅದು ನನ್ನ ಹತ್ತಿರ ಇಲ್ಲ. 32 ವರ್ಷ ಹಗಲು ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿನವರಿಗೆ ಅಕ್ಷರ ಕಲಿಸಿ, ರಾತ್ರಿ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರದ ಅರ್ಥ ಹೇಳಿದ ಮನುಷ್ಯ ನಾನು. ಕಥೆ ಹೇಳಬೇಡ ಎಂದರೆ ನನ್ನ ಮಾತನ್ನು ಯಾರು ನಂಬುತ್ತಾರೆ?

ನಿಮ್ಮ ಮೊದಲ ಪ್ರದರ್ಶನವನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಆ ದಿನ ಏನೂ ಹೇಳದೆ ಎದ್ದು ಬಂದದ್ದಕ್ಕೆ ನಿನಗೆ ಬೇಸರವಾಯಿತೆಂದು ಗೊತ್ತು. ಬಸ್ಸು ತಪ್ಪುತ್ತಿತ್ತು, ಅದೊಂದು ಕಾರಣ. ಆಟ ಮುಗಿಸಿ ಬೆವರಿನಲ್ಲಿ ನಿಂತವರಿಗೆ ಆ ಗಳಿಗೆಯಲ್ಲಿ ವಿಮರ್ಶೆ ಮಾಡಬಾರದು, ಇದು ಇನ್ನೊಂದು.

ಹೊಳೆ ಬತ್ತಿತೆಂದು ಆಮೆ ಇನ್ನೊಂದು ಹೊಳೆ ಹುಡುಕಿಕೊಂಡು ಹೊರಡುವ ತನಕ ಬಹಳ ಚಂದ ಇತ್ತು, ಮಾರಾಯ್ತಿ. ಅಕ್ಕಿ ಕೇರುವ ಗೆರಸೆಯನ್ನು ಬೆನ್ನಿಗೆ ಕಟ್ಟಿ ಆಮೆ ಮಾಡಿದ್ದು, ಎರಡು ನೀಲಿ ಸೀರೆ ಮಡಚಿದಾಗ ಹೊಳೆ ಬತ್ತಿದ್ದು, ಇದನ್ನೆಲ್ಲ ಯಾರೂ ವಿವರಿಸಲಿಲ್ಲ. ನನ್ನ ಪಕ್ಕದ ಮಗುವಿಗೆ ನನಗಿಂತ ಮೊದಲು ಅರ್ಥವಾಯಿತು. ಕೊನೆಗೆ ಆಮೆ ಎದ್ದು ಮುಂದೆ ಬಂದು, 'ಮಕ್ಕಳೇ, ಇನ್ನು ಮುಂದೆ ಹೊಳೆಗೆ ಪ್ಲಾಸ್ಟಿಕ್ ಬಿಸಾಡುತ್ತೀರಾ?' ಎಂದು ಕೇಳಿತು. ಮಕ್ಕಳು 'ಇಲ್ಲಾ...' ಎಂದು ರಾಗ ಎಳೆದರು. ಶಾಲೆಯ ಅಸೆಂಬ್ಲಿಯಲ್ಲಿ ಎಳೆಯುವ ರಾಗವೇ ಅದು. ಅಷ್ಟು ಹೊತ್ತು ಆಮೆಯಾಗಿದ್ದವಳು ಹೆಡ್‌ಮಾಷ್ಟ್ರಾಗಿಬಿಟ್ಟೆ.

ಇದನ್ನು ಹೇಳುವ ಅಧಿಕಾರ ನನಗೆ ಬಂದದ್ದು ನಾನೇ ಅದನ್ನು ಮಾಡಿ ಕೆಟ್ಟದ್ದರಿಂದ. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ, ಎರಡನೇ ಕ್ಲಾಸಿಗೆ ಕಾಗೆ ಗುಬ್ಬಿಯ ಕಥೆ ಹೇಳಿದೆ. ಕಾಗೆಯದ್ದು ಸೆಗಣಿಯ ಮನೆ, ಗುಬ್ಬಿಯದ್ದು ಕಲ್ಲಿನ ಮನೆ, ಜಡಿಮಳೆಗೆ ಕಾಗೆಯ ಮನೆ ಕರಗಿಹೋಯಿತು. ಬಾಗಿಲು ತಟ್ಟಿದರೆ ಗುಬ್ಬಿ, ತಾಳು, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ, ತಾಳು, ಬಟ್ಟೆ ಹಾಕುತ್ತಿದ್ದೇನೆ ಎನ್ನುತ್ತದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಕಾಗೆ ಸೋಮಾರಿ, ಗುಬ್ಬಿ ಜಾಣೆ, ನೀವು ಯಾರ ಹಾಗೆ ಆಗಬೇಕು ಎಂದು ಕೇಳಿದೆ. ಎಲ್ಲರೂ ಗುಬ್ಬಿ, ಗುಬ್ಬಿ ಎಂದರು. ಎರಡನೇ ಸಾಲಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, 'ನಮ್ಮ ಮನೆಯೂ ಸೆಗಣಿ ಸಾರಿಸಿದ್ದೇ ಮಾಷೆ' ಎಂದಳು.

ಅವಳು ಅಳಲಿಲ್ಲ, ನಾನೂ ಏನೂ ಹೇಳಲಿಲ್ಲ, ಊಟದ ಗಂಟೆ ಹೊಡೆಯಿತು. ಆ ಮೇಲೆ ಆ ಕಥೆಯನ್ನು ನೂರು ಸಲವಾದರೂ ಹೇಳಿದ್ದೇನೆ, ಕೊನೆಯ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಲಿಲ್ಲ. ಕಾಗೆ ಮಳೆಯಲ್ಲಿ ನಿಂತಿದೆ, ಬಾಗಿಲು ಮುಚ್ಚಿದೆ, ಮುಗಿಯಿತು. ಮಕ್ಕಳು ಮನೆಗೆ ಹೋಗಿ ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ. ಒಬ್ಬ ಹುಡುಗ ಮರುದಿನ ಬಂದು, ಕಾಗೆ ನಮ್ಮ ದನದ ಹಟ್ಟಿಯಲ್ಲಿ ಮಲಗಿತ್ತು ಎಂದು ವರದಿ ಕೊಟ್ಟ.

ಇನ್ನು ನಿನ್ನ ದೊಡ್ಡ ಯೋಜನೆಯ ವಿಷಯ. ವಾಟ್ಸ್ಯಾಪಿನಲ್ಲಿ ಕಳಿಸಿದ್ದನ್ನು ಎರಡು ಸಲ ಓದಿದೆ. ಎಂಟು ನಟರು, ಬಣ್ಣದ ಲೈಟು, ಕಬ್ಬಿಣದ ಸೆಟ್ಟು, ಕಾಲರ್ ಮೈಕು, ಒಂದೂವರೆ ಗಂಟೆಯ ಆಟ. ಯಾಕೆ ಮಗಳೇ? ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನದ ದೊಡ್ಡ ಮೇಳದವರು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಚಿಕ್ಕಮೇಳ ಬರುವುದನ್ನು ಸಣ್ಣದರಿಂದ ನೋಡಿದವಳು ನೀನು. ಒಬ್ಬ ಭಾಗವತ, ಚೆಂಡೆ ಮದ್ದಳೆಗೆ ಇಬ್ಬರು, ಎರಡು ವೇಷ. ಚಾವಡಿಯಲ್ಲಿ ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಇಟ್ಟು ಕಾದರೆ ಹತ್ತು ಹದಿನೈದು ನಿಮಿಷದ ಆಟ. ಹಾಸಿಗೆ ಹಿಡಿದ ನಿನ್ನ ಅಜ್ಜಿಗೆ ಕೋಣೆಯ ಬಾಗಿಲಿನಿಂದ ಆಟ ಕಾಣುತ್ತಿತ್ತು. ಯಾವ ದೊಡ್ಡ ಮೇಳ ಅವಳ ಕೋಣೆಯ ಬಾಗಿಲಿಗೆ ಬರುತ್ತಿತ್ತು? ಇದೇ ತಿಂಗಳಲ್ಲಿ ಚಂದ್ರಗಿರಿ ಹೊಳೆಯಿಂದ ತೆಂಕಕ್ಕೆ ಪಾರ್ವತಿಯಾಗಿ ಆಡಿ, ಶಿವನಾಗಿ ವೇಡನ್ ಎಂದು ಮನೆಮನೆಗೆ ಹೋಗುವ ದೈವವೇಷದ ತೆಯ್ಯಗಳಿಗೆ ವೇಷ ಕಟ್ಟುವವರೇ ಮಕ್ಕಳು. ಶಿವ ಪಾರ್ವತಿಯರು ನಾಲ್ಕಡಿ ಎತ್ತರ ಇದ್ದರೂ ಮನೆಯ ಯಜಮಾನ ಕೈಮುಗಿದು ನಿಲ್ಲುತ್ತಾನೆ. ನಮ್ಮ ಕಡೆ ಸಣ್ಣದಕ್ಕೆ ಮರ್ಯಾದೆ ಉಂಟು.

ಹಾಗಾಗಿ ನನ್ನ ಲೆಕ್ಕ ಹೇಳುತ್ತೇನೆ: ನಾಲ್ಕು ಜನ, ಒಂದು ಜೀಪು. ಜೀಪು ಹತ್ತದ ಗುಡ್ಡಕ್ಕೆ ಸಾಮಾನು ತಲೆಯ ಮೇಲೆ ಹೊತ್ತುಕೊಂಡು ಹೋಗುವ ಹಾಗಿರಬೇಕು. ಕಬ್ಬಿಣದ ಬದಲು ಅಡಿಕೆ ಹಾಳೆ, ತೆಂಗಿನ ಗರಿ, ಮುಟ್ಟಾಳೆ ಟೊಪ್ಪಿ, ಹಳೆಯ ಸೀರೆ. ಮುರಿದರೆ ಆ ಊರಿನಲ್ಲೇ ಇನ್ನೊಂದು ಸಿಗುತ್ತದೆ. ಆಟ ಮುಕ್ಕಾಲು ಗಂಟೆ ಸಾಕು. ನಾಲ್ಕು ವರ್ಷದವನ ಕಾಲು ಅದರ ಮೇಲೆ ಸುಮ್ಮನಿರುವುದಿಲ್ಲ. ಮಕ್ಕಳನ್ನು ಚಾಪೆಯಲ್ಲಿ ಅರ್ಧ ಚಂದ್ರದ ಹಾಗೆ ಕೂರಿಸು. ಮೈಕಿಲ್ಲದ ಸ್ವರ ಎಷ್ಟು ದೂರಕ್ಕೆ ಮುಟ್ಟುತ್ತದೋ ಅಷ್ಟೇ ಮಕ್ಕಳು, ಹೆಚ್ಚು ಬಂದರೆ ಎರಡು ಆಟ ಮಾಡು. ಶೀಟು ಹೊದಿಸಿದ ಸಭಾಭವನವನ್ನು ಮಳೆಗಾಲದಲ್ಲಿ ಒಪ್ಪಿಕೊಳ್ಳಲೇಬೇಡ, ಮಳೆ ಬಿದ್ದರೆ ಚೆಂಡೆಯೂ ಕೇಳುವುದಿಲ್ಲ. ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸಿಬಿಡು. ಊಟದ ಮೇಲೆ ಸಾಂಬಾರಿನ ನಿದ್ದೆ ಬರುತ್ತದೆ, ಅದು ನಿನ್ನ ನಟನೆಯ ದೋಷ ಎಂದು ತಿಳಿದು ನೀನು ಕೂಗಾಡಲು ಶುರು ಮಾಡುತ್ತೀ.

ಹೆದರಿಸುವ ಕಲೆಯ ಬಗ್ಗೆಯೂ ಒಂದು ಮಾತು, ನಿನ್ನ ಮುಂದಿನ ಕಥೆಯಲ್ಲಿ ರಾಕ್ಷಸ ಇದ್ದಾನೆಂದು ಬರೆದಿದ್ದೀ. ಒಂದು ವಾರ್ಷಿಕೋತ್ಸವದಲ್ಲಿ ನಾನು ಬಕಾಸುರನಾಗಿದ್ದೆ. ಹೊಸತು ಏನಾದರೂ ಮಾಡಬೇಕೆಂಬ ಹುಚ್ಚಿನಲ್ಲಿ ಮಕ್ಕಳ ಬೆನ್ನ ಹಿಂದಿನಿಂದ ದೊಂದಿ ಹಿಡಿದು, ರಾಳ ಹಾರಿಸಿ, ಬೊಬ್ಬೆ ಹೊಡೆಯುತ್ತಾ ನುಗ್ಗಿದೆ. ದೊಡ್ಡವರಿಂದ ಚಪ್ಪಾಳೆ. ಒಂದನೇ ಕ್ಲಾಸಿನ ಹುಡುಗನೊಬ್ಬ ಚಡ್ಡಿ ಒದ್ದೆ ಮಾಡಿಕೊಂಡ. ಮರುದಿನ ಶಾಲೆಗೆ ಬರಲಿಲ್ಲ. ಹುಡುಕಿಕೊಂಡು ಮನೆಗೆ ಹೋದರೆ ಅಟ್ಟ ಹತ್ತಿ ಕೂತ.

ಹಿರಿಯರು ತೆರೆ ಯಾಕೆ ಹಿಡಿಸಿದ್ದೆಂದು ಆಗ ತಿಳಿಯಿತು. ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬರುವ ಒಡ್ಡೋಲಗದಲ್ಲಿ ಮೊದಲು ತೆರೆಯ ಹಿಂದಿನಿಂದ ಆರ್ಭಟ ಮಾತ್ರ. ಮತ್ತೆ ಕಿರೀಟದ ತುದಿ, ಮತ್ತೆ ತೆರೆ ಅಲುಗಾಡುತ್ತದೆ, ಅರ್ಧ ಮುಖ ಕಂಡು ಮರೆಯಾಗುತ್ತದೆ. ಪೂರ್ತಿ ರಾಕ್ಷಸ ಬರುವ ಹೊತ್ತಿಗೆ ಮಗು ಅವನನ್ನು ಕಾಯುತ್ತಿರುತ್ತದೆ. ಮರುವರ್ಷ ನಾನು ಆ ಹುಡುಗನನ್ನು ಬಣ್ಣ ಹಚ್ಚುವ ಚೌಕಿಯಲ್ಲಿ ನನ್ನೆದುರೇ ಕೂರಿಸಿದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಒಂದೊಂದೇ ಚುಟ್ಟಿ ಇಡುವಾಗ ಕನ್ನಡಿ ಹಿಡಿದವನು ಅವನೇ. ಆಟದಲ್ಲಿ ಹೆದರಿದ, ಆದರೆ ಮುಖ ಮುಚ್ಚಿಕೊಂಡ ಬೆರಳುಗಳ ಸಂದಿನಿಂದ ನೋಡುತ್ತಿದ್ದ. ನಿನಗೆ ಬೇಕಾದ್ದು ಆ ಸಂದು.

ಭಾಷೆಯ ತಂಟೆ ಬೇರೆ ಉಂಟು. 1956ರ ನವೆಂಬರಿನಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು, ಅದರ ಮೇಲಿನ ಹೋರಾಟ, ಭಾಷಣ, ಮೆರವಣಿಗೆ ಎಲ್ಲ ನಿನಗೆ ಗೊತ್ತು. ನಿನ್ನ ಅಜ್ಜ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ನನಗೂ ಸಿಟ್ಟಿದೆ. ಆದರೆ ಚಾಪೆಯ ಮೇಲೆ ಕೂತ ಮಗುವಿನ ಮೇಲೆ ಅದನ್ನು ತೀರಿಸಬೇಡ. ಕನ್ನಡ ಶಾಲೆಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವವರು ಎಷ್ಟು ಜನ? ಒಬ್ಬನದ್ದು ತುಳು, ಒಬ್ಬಳದ್ದು ಬ್ಯಾರಿ, ಇನ್ನೊಬ್ಬನದ್ದು ಹವ್ಯಕ, ಮರಾಠಿ, ಕೊಂಕಣಿ, ಮಲಯಾಳ. ನೀನು 'ಬೆಕ್ಕು' ಎಂದು ಗೊಂಬೆ ಎತ್ತಿದರೆ ಅರ್ಧ ಚಾಪೆ 'ಪುಚ್ಚೆ' ಎನ್ನುತ್ತದೆ, ಮೂಲೆಯಿಂದ 'ಪೂಚ್ಚ' ಕೇಳುತ್ತದೆ. ತಿದ್ದಬೇಡ. ಬೆಕ್ಕು ಮೂರು ಹೆಸರಿಗೂ ತಿರುಗಿ ನೋಡಲಿ. ಕಾಗೆಯಂತೂ ಇನ್ನೂ ಸುಲಭ: ಕಾಗೆ, ಕಕ್ಕೆ, ಕಾಕೆ, ಕಾಕ್ಕ, ಎಲ್ಲವೂ ಅದರ ಬಾಯಿಯಿಂದಲೇ ಬಂದದ್ದು. ಕಥೆಯ ಬೆನ್ನೆಲುಬು ಒಳ್ಳೆಯ ಕನ್ನಡದಲ್ಲಿರಲಿ, ಸಾವಧಾನವಾಗಿ, ಒತ್ತಕ್ಷರ ನುಂಗದೆ ಹೇಳು. ಉಳಿದದ್ದನ್ನು ಮಕ್ಕಳು ತರುತ್ತಾರೆ. ಹಾಗೆ ಕೇಳಿದ ಕನ್ನಡ ಒಳಗೆ ಇಳಿಯುತ್ತದೆ. ಮೂವತ್ತೆರಡು ವರ್ಷದಲ್ಲಿ ಕಾಪಿ ಬರೆಸಿ ಇಳಿಸಿದ್ದು ಅದರ ಕಾಲು ಭಾಗವೂ ಇಲ್ಲ.

ಒಂದು ಜಾಗಕ್ಕೆ ನೀನು ಹೋಗಲೇಬೇಕು. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲಿದರು. ಹೆಲಿಕಾಪ್ಟರ್ ಬಂತೆಂದು ಮಕ್ಕಳು ಅಂಗಳಕ್ಕೆ ಓಡಿ ಕೈಬೀಸುತ್ತಿದ್ದದ್ದು ನನ್ನ ಕಣ್ಣ ಮುಂದೆ ಇದೆ, ಅವರಲ್ಲಿ ನನ್ನ ಶಾಲೆಯವರೂ ಇದ್ದರು. ಸುಪ್ರೀಂ ಕೋರ್ಟು 2011ರಲ್ಲಿ ಆ ಮದ್ದನ್ನೇ ದೇಶದಲ್ಲೆಲ್ಲ ನಿಷೇಧಿಸಿತು, ಆದರೆ ಅದರ ವಿಷ ತಗಲಿದ ಮಕ್ಕಳು ಅಷ್ಟರಲ್ಲಿ ಹುಟ್ಟಿಯಾಗಿತ್ತು. ಎಣ್ಮಕಜೆ, ಮುಳಿಯಾರು ಕಡೆಯ ಬಡ್ಸ್ ಎಂಬ ಭಿನ್ನಸಾಮರ್ಥ್ಯದ ಮಕ್ಕಳ ಶಾಲೆಗಳಲ್ಲಿ ಅಂಥ ಮಕ್ಕಳಿದ್ದಾರೆ, ಕೆಲವರು ಈಗ ಮಕ್ಕಳೂ ಅಲ್ಲ, ಪ್ರಾಯದವರು. ಅಲ್ಲಿಗೆ ಬೇರೆ ಕಥೆ ಬೇಡ, ಇದೇ ಆಮೆ ಸಾಕು. ಚೆಂಡೆಯನ್ನು ಜೀಪಿನಲ್ಲೇ ಬಿಡು, ಮದ್ದಳೆ ಮಾತ್ರ ತೆಗೆದುಕೋ. ಶುರುವಿಗೆ ಮೊದಲು ಅದನ್ನು ಒಬ್ಬೊಬ್ಬರ ಹತ್ತಿರ ಇಡು. ಕೈಯಿಟ್ಟು ನಡುಕ ನೋಡಲಿ. ಕತ್ತಲೆ ಮಾಡಬೇಡ, ಬಾಗಿಲು ಹಾಕಬೇಡ. ಒಬ್ಬ ಎದ್ದು ವೇಷಗಳ ನಡುವೆಯೇ ಬಂದರೆ ಅವನೂ ಕಥೆಯಲ್ಲಿ ಸೇರಿದ ಎಂದುಕೋ. ಗಾಲಿಕುರ್ಚಿಯಲ್ಲಿರುವವರ ಕಣ್ಣಿನ ಮಟ್ಟಕ್ಕೆ ನೀನೇ ಬಗ್ಗು. ಅವರ ಅಮ್ಮಂದಿರು ಗೋಡೆಗೊರಗಿ ನಿಂತಿರುತ್ತಾರೆ. ಅವರಿಗೂ ಚಾಪೆ ಹಾಸು. ಅವರು ಕೂತು ಕಥೆ ಕೇಳಿ ಎಷ್ಟು ವರ್ಷ ಆಯಿತೋ.

ಅಪ್ಪ ಅಮ್ಮಂದಿರ ವಿಷಯ ಬಂತಲ್ಲ. 'ಟಾಟಾ ಮಾಡು, ಮಂಗನಿಗೆ ಟಾಟಾ ಮಾಡು' ಎಂದು ಮಗುವಿನ ಕೈ ಹಿಡಿದು ಆಡಿಸುವವರು ಎಲ್ಲ ಕಡೆ ಇದ್ದಾರೆ. ಫೋನು ಎತ್ತಿ ಹಿಡಿದು ಹಿಂದಿನವರಿಗೆ ಅಡ್ಡ ನಿಲ್ಲುವವರೂ ಇದ್ದಾರೆ. ಆಟ ಮುಗಿದ ಮೇಲೆ ಫೋಟೋಕ್ಕೆ ಐದು ನಿಮಿಷ ಕೊಡುತ್ತೇವೆಂದು ಮೊದಲೇ ನಗುತ್ತಾ ಹೇಳು. ಮತ್ತೆ ದೊಡ್ಡವರಿಗೆಂದೇ ನಾಲ್ಕು ಮಾತು ಕಥೆಯ ಒಳಗೆ ಹುದುಗಿಸಿಡು. ಆಮೆಯ ಗಂಡನನ್ನು ಸ್ವಲ್ಪ ತಮಾಷೆ ಮಾಡಿದರೆ ಆಯಿತು, ಅಜ್ಜಿಯಂದಿರು ಫೋನು ಮರೆಯುತ್ತಾರೆ. ಅಜ್ಜಿ ನಕ್ಕದ್ದು ಯಾಕೆಂದು ಮಗು ತಿರುಗಿ ನೋಡುವುದುಂಟಲ್ಲ, ಅಲ್ಲಿಂದ ಮನೆಯಲ್ಲಿ ಒಂದು ವಾರಕ್ಕಾಗುವಷ್ಟು ಮಾತು ಹುಟ್ಟುತ್ತದೆ.

ದುಡ್ಡು. ವೀಳ್ಯ, ಅಂದರೆ ಆಟದ ಸಂಭಾವನೆ, ಇಷ್ಟೆಂದು ಮೊದಲೇ ಹೇಳಲು ನಾಚಬೇಡ. ಅಂಗಡಿಯ ಹೆಸರು ಬರೆದ ಬಟ್ಟೆಯನ್ನು ಹಿಂದೆ ಕಟ್ಟಲು ಒಪ್ಪಬೇಡ, ಅಕ್ಷರ ಓದಲು ಕಲಿತ ಮಗು ನಿನ್ನನ್ನು ಬಿಟ್ಟು ಅದನ್ನೇ ಓದುತ್ತದೆ. ಬಡ್ಸ್ ಶಾಲೆಯಲ್ಲಿ ಪುಕ್ಕಟೆ ಮಾಡು, ಆದರೆ ನಿನ್ನ ಮೂವರಿಗೆ ಆ ದಿನದ ಸಂಬಳ ಕೊಡು. ಊರಿನ ಗ್ರಂಥಾಲಯಗಳಲ್ಲಿ ಬಾಲವೇದಿ ಎಂದು ಮಕ್ಕಳ ಕೂಟ ಇರುತ್ತದೆ, ಅವರನ್ನು ಕೇಳು. ಅವರ ಹತ್ತಿರ ಮಕ್ಕಳು ಇರುತ್ತಾರೆ, ಕಾರ್ಯಕ್ರಮ ಇರುವುದಿಲ್ಲ. ಶಾಲಾ ಕಲೋತ್ಸವದ ಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದರೆ ಹೋಗು, ಚಾ ಕುಡಿದು ಬಾ. ಒಂದು ನೋಟುಪುಸ್ತಕದಲ್ಲಿ ಲೆಕ್ಕ ಬರೆದಿಡು. ಒಳ್ಳೆಯ ಮೇಳ ಲೆಕ್ಕದ ಜಗಳದಲ್ಲಿ ಒಡೆದದ್ದನ್ನು ನೋಡಿದ್ದೇನೆ, ರಾಗತಾಳದ ಜಗಳದಲ್ಲಿ ಒಡೆದದ್ದನ್ನು ನೋಡಲಿಲ್ಲ.

ಅಮ್ಮನಿಗೆ ನಾನು ಮಾತಾಡುತ್ತೇನೆ. ಅವಳಿಗೆ ಸಣ್ಣದಿರುವಾಗ ಯಕ್ಷಗಾನದ ಬಾಲಗೋಪಾಲ ವೇಷ ಮಾಡುವ ಆಸೆ ಇತ್ತು, ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆಂದು ಅಪ್ಪ ಬಿಡಲಿಲ್ಲ. ಇದು ನಿನಗೆ ಗೊತ್ತಿದೆಯೋ ಇಲ್ಲವೋ. ನಾನು ಹೇಳಿದೆನೆಂದು ಹೇಳಬೇಡ.

ಬರುವ ಭಾನುವಾರ ಸಂಜೆ ನಾಲ್ಕು ಗಂಟೆಗೆ ನಿಮ್ಮ ಮೇಳ ನಮ್ಮ ಜಗಲಿಗೆ ಬರಲಿ. ನೆರೆಕರೆಯ ಹದಿನೈದಿಪ್ಪತ್ತು ಮಕ್ಕಳಿಗೆ ಹೇಳಿಟ್ಟಿದ್ದೇನೆ. ಅತ್ತೆ ಪತ್ರೊಡೆ ಮಾಡುತ್ತಾಳಂತೆ, ಕೆಸುವಿನ ಎಲೆ ಈಗಲೇ ನೋಡಿಟ್ಟಾಗಿದೆ. ಆಮೆಯನ್ನೇ ಆಡಿ, ಕೊನೆಯ ಪ್ರಶ್ನೆ ಬಿಟ್ಟು. ನಿನ್ನ ಅಜ್ಜಿಯ ಹಳೆಯ ಗೆರಸೆ ಅಟ್ಟದಲ್ಲಿ ಸಿಕ್ಕಿತು, ಈಗಿನದ್ದಕ್ಕಿಂತ ದೊಡ್ಡದು, ಬೆನ್ನಿಗೆ ಸರಿಯಾಗುತ್ತದೆ.

ಜಗಲಿಯ ಬಲಬದಿಯಲ್ಲಿ ಎರಡು ಹಂಚು ಒಡೆದು ಸೋರುತ್ತಿದೆ. ಮದ್ದಳೆಯನ್ನು ಎಡಕ್ಕೆ ಇಡಲು ಹೇಳು.

ಇತಿ,
ನಿನ್ನ ಸೋದರಮಾವ