ಮೊದಲು ನಿವೇಶನಗಳು ಒಂದಾಗಲಿ, ಆಮೇಲೆ ಮನೆ

ಮಾನ್ಯ ಸಂಪಾದಕರೇ,

ಅಕ್ಕಪಕ್ಕದ ಎರಡು ನಿವೇಶನಗಳನ್ನು ಕೂಡಿಸಿ ದೊಡ್ಡ ಮನೆ ಕಟ್ಟಿಸಲು ಹೊರಟವರು, ನಡುವಿನ ಕಾಂಪೌಂಡ್ ಗೋಡೆ ಕೆಡವಿದ ದಿನವೇ ಎರಡೂ ಒಂದಾದವೆಂದು ಭಾವಿಸಿ ಪಾಯ ತೋಡಿಸುವುದನ್ನು ಕಟ್ಟಡ ಎಂಜಿನಿಯರಾಗಿ ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಎರಡಕ್ಕೂ ಒಬ್ಬರೇ ಮಾಲೀಕರಾಗಿದ್ದರೂ, ವಿಧಿವತ್ತಾಗಿ ಒಂದುಗೂಡಿಸುವ ತನಕ ದಾಖಲೆಯಲ್ಲಿ ಅವು ಎರಡೇ. ಆ ಗಡಿ ಇರುವಷ್ಟು ಕಾಲ ಅದರ ಎರಡೂ ಬದಿಯಲ್ಲಿ ಕಟ್ಟದೆ ಖಾಲಿ ಬಿಡಬೇಕಾದ ಜಾಗ, ಅಂದರೆ ಸೆಟ್‌ಬ್ಯಾಕ್ ಕೂಡ ಇದ್ದೇ ಇರುತ್ತದೆ.

ತಲಾ 30 ಅಡಿ ಅಗಲ, 40 ಅಡಿ ಉದ್ದದ ಎರಡು ನಿವೇಶನಗಳಿದ್ದು, ಪಕ್ಕಗಳಲ್ಲಿ 3 ಅಡಿ, ಹಿಂದೆ ಮತ್ತು ಮುಂದೆ 5 ಅಡಿ ಬಿಡಬೇಕೆಂದಿಟ್ಟುಕೊಳ್ಳೋಣ. ಬೇರೆ ಬೇರೆಯಾಗಿ ಕಟ್ಟಿದರೆ ಒಂದೊಂದರಲ್ಲಿ 720ರಂತೆ ನೆಲಮಹಡಿಗೆ ಒಟ್ಟು 1,440 ಚದರ ಅಡಿ ಸಿಗುತ್ತದೆ. ಒಂದುಗೂಡಿಸಿದರೆ ನಡುವಿನ 6 ಅಡಿಯ ಪಟ್ಟಿಯೂ ಸೇರಿ 1,620 ಆಗುತ್ತದೆ. ಆದರೆ ನಿವೇಶನ ದೊಡ್ಡದಾದಂತೆ ಸೆಟ್‌ಬ್ಯಾಕ್ ಕೂಡ ಹೆಚ್ಚಬೇಕೆಂಬ ನಿಯಮವಿರುವ ಕಡೆ ಈ 180 ಚದರ ಅಡಿಯ ಲಾಭ ಕರಗಿಹೋಗಬಹುದು. ಪಕ್ಕದ ನಿವೇಶನಕ್ಕೆ ಮುಂಗಡ ಕೊಡುವ ಮೊದಲೇ ಈ ಲೆಕ್ಕ ಹಾಕಿಸಬೇಕು.

ನನಗೆ ತಿಳಿದ ಒಂದು ಕುಟುಂಬದಲ್ಲಿ ಒಂದು ನಿವೇಶನ ಗಂಡನ ಹೆಸರಿನಲ್ಲಿಯೂ, ಸಾಲಕ್ಕೆ ಅಡವಿಟ್ಟಿದ್ದ ಇನ್ನೊಂದು ಹೆಂಡತಿಯ ಹೆಸರಿನಲ್ಲಿಯೂ ಇದ್ದವು. ಎರಡನ್ನೂ ಒಂದೇ ಮಾಲೀಕತ್ವಕ್ಕೆ ತಂದು, ಸಾಲ ಕೊಟ್ಟವರ ಒಪ್ಪಿಗೆ ಪಡೆದ ಬಳಿಕವೇ ಒಂದುಗೂಡಿಸಲು ಸಾಧ್ಯ ಎಂಬುದು ಅವರಿಗೆ ಗೊತ್ತಾದಾಗ ಗೋಡೆಗಳು ಬಾಗಿಲು-ಕಿಟಕಿಗಳ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದಿದ್ದವು. ಕೆಲಸ ನಿಂತಿತು. ಆ ಅರೆಮನೆಯ ಮುಂದೆ ಹಾದುಹೋಗುವಾಗಲೆಲ್ಲ, ನಕ್ಷೆ ಬರೆದವರು ಮೊದಲ ದಿನವೇ ಹಕ್ಕುಪತ್ರಗಳನ್ನು ಕೇಳಿ ನೋಡಿದ್ದರೆ ಎಂದು ಮನಸ್ಸಿಗೆ ನೋವಾಗುತ್ತದೆ.

ಕಾಗದಪತ್ರಗಳಿಗಿಂತಲೂ ಕಡೆಗಣಿಸಲ್ಪಡುವುದು ಗಡಿಯ ಕೆಳಗಿನ ನೆಲ. ಬಡಾವಣೆಯ ನೀರಿನ ಕೊಳವೆ, ಒಳಚರಂಡಿ, ಮಳೆನೀರಿನ ಕಾಲುವೆಗಳನ್ನು ಎಷ್ಟೋ ಕಡೆ ನಿವೇಶನಗಳ ಗಡಿಯುದ್ದಕ್ಕೇ ಹಾಕಿರುತ್ತಾರೆ. ಅವುಗಳ ಮೇಲೆ ಮನೆ ಕಟ್ಟುವ ಹಕ್ಕು ಮಾಲೀಕರಿಗೂ ಇಲ್ಲದಿರಬಹುದು. ಒಂದು ನಿವೇಶನ ಗಟ್ಟಿ ನೆಲವಾಗಿದ್ದು ಇನ್ನೊಂದು ಮಣ್ಣು ತುಂಬಿ ಎತ್ತರಿಸಿದ್ದಾಗಿದ್ದರೆ, ಅಥವಾ ಗಡಿಯ ಪಕ್ಕದಲ್ಲೇ ಮುಚ್ಚಿದ ಹಳೆಯ ಬಾವಿಯೋ ಶೌಚದ ಗುಂಡಿಯೋ ಇದ್ದರೆ, ಪಾಯದ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಕುಸಿದು ಮನೆಯ ನಟ್ಟನಡುವೆ ಬಿರುಕು ಬಿಡಬಹುದು. ಬಣ್ಣ, ಸಿಮೆಂಟು ಬಳಿದರೆ ವಾಸಿಯಾಗುವ ಬಿರುಕು ಅದಲ್ಲ. ಎರಡೂ ನಿವೇಶನಗಳಲ್ಲಿ ಬೇರೆ ಬೇರೆಯಾಗಿ ಮಣ್ಣು ಪರೀಕ್ಷೆ ಮಾಡಿಸಲೇಬೇಕು. ಆ ಖರ್ಚನ್ನು ಉಳಿಸಲು ಹೋಗಬಾರದು.

ಎರಡರ ಮೇಲೂ ಹರಡಿದ ಮನೆ ಕಟ್ಟಿದ ಮೇಲೆ ಕಷ್ಟಕಾಲದಲ್ಲಿ ಒಂದನ್ನು ಮಾರಿಕೊಳ್ಳುವ ದಾರಿ ಮುಚ್ಚಿದಂತೆಯೇ. ಹಾಗಾಗಿ ಮನೆಮಂದಿಯೆಲ್ಲ ಕುಳಿತು ಮಾತಾಡಿಯೇ ಇದಕ್ಕೆ ಕೈಹಾಕಬೇಕು.

ಗಡಿ ದಾಟುವ ಯಾವ ನಕ್ಷೆ ಬಂದರೂ, ನಿವೇಶನಗಳು ಒಂದಾಗಿರುವ ಆದೇಶವನ್ನು ನೋಡದೆ ಅದನ್ನು ಮುಂದಿನ ಮೇಜಿಗೆ ಕಳಿಸಬಾರದೆಂದು ಅನುಮತಿ ನೀಡುವ ಕಚೇರಿಗಳನ್ನೂ, ಆ ಆದೇಶ ಕೈಸೇರುವ ತನಕ ಗುದ್ದಲಿ ಹಿಡಿಯಬಾರದೆಂದು ನನ್ನ ವೃತ್ತಿಬಾಂಧವರನ್ನೂ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಕಟ್ಟಡ ಎಂಜಿನಿಯರ್