ಅದು ಚೀಟಿ ಅಲ್ಲಮ್ಮ

ಕೊಲಂಬಸ್, ಒಹಾಯೊ
ಸಂಕ್ರಾಂತಿ ಮಾರನೇ ದಿನ

ತೀರ್ಥರೂಪ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಎಳ್ಳು ಬೀರಿದ್ದಾಯಿತು.

ಅಮ್ಮ, ನಿನ್ನ ಪತ್ರ ನಿನ್ನೆ ಬಂತು. ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಅಪ್ಪನ ಮಂಡಿ ಆಪರೇಷನ್ನು ಯುಗಾದಿ ಕಳೆದ ಮೇಲೆ ನೋಡೋಣ ಅಂತ ಬರೆದಿದ್ದೀಯ. ಯಾಕೆ? ನಾನು ಅಂಗಡಿಯಲ್ಲಿ 500 ಡಾಲರಿನ ಕಾರ್ಡು ಕೊಂಡೆ, ದುಡ್ಡು ಸಾಲದೆ ಕೂಪನ್ ಹುಡುಕುತ್ತಿದ್ದೇನೆ ಅಂತ ಸಣ್ಣತ್ತೆ ಮಗ ಊರಿಗೆ ಬಂದು ಹೇಳಿದ ಅಂತ. ಚೀಟಿ ಕಟ್ಟಿ ಕಳೆದುಕೊಂಡ ಮನೆ ನಮ್ಮದು, ನಿನಗೆ ಹೆದರಿಕೆ ಆಗಿರುತ್ತದೆ. ಆದರೆ ಇದು ಚೀಟಿ ಅಲ್ಲಮ್ಮ. ಪೂರ್ತಿ ಲೆಕ್ಕ ಬರೆಯುತ್ತೇನೆ, ಅಪ್ಪನಿಗೂ ಓದಿ ಹೇಳು.

ಇಲ್ಲಿ ಟಾರ್ಗೆಟ್ ಅಂತ ದೊಡ್ಡ ಅಂಗಡಿ. ಡಿಸೆಂಬರಿನಲ್ಲಿ ಒಂದೆರಡು ದಿನ ತನ್ನದೇ ಗಿಫ್ಟ್ ಕಾರ್ಡನ್ನು, ಅಂದರೆ ಮೊದಲೇ ದುಡ್ಡು ಕಟ್ಟಿ ಆಮೇಲೆ ಅದೇ ಅಂಗಡಿಯಲ್ಲಿ ಸಾಮಾನು ಕೊಳ್ಳುವ ಕಾರ್ಡನ್ನು, ಶೇಕಡಾ 10 ಕಡಿಮೆಗೆ ಕೊಡುತ್ತದೆ. 500ರವರೆಗೆ ಮಾತ್ರ. ನಾನು 450 ಕೊಟ್ಟು 500ರ ಕಾರ್ಡು ತಗೊಂಡೆ, ಅಷ್ಟೇ. ಹಾಲು, ಆಲೂಗಡ್ಡೆ, ಸೋಪು, ಪುಟ್ಟಿಯ ಡೈಪರ್ ಎಲ್ಲ ಹೇಗೂ ಅಲ್ಲೇ ತರುವುದು. ಕಾರ್ಡಿನ ಹಿಂದೆ ಮಾರ್ಕರಿನಲ್ಲಿ ಬಾಕಿ ಬರೆದಿಡುತ್ತೇನೆ. 438.60 ಹೊಡೆದು 371.15, ಅದನ್ನೂ ಹೊಡೆದು ಈಗ 297.40. ನೀನು ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆಯಲ್ಲ, ಅದೇ ಅಭ್ಯಾಸ ನನಗೂ ಬಂದಿದೆ.

ನಮ್ಮ ತಿಂಗಳ ದಿನಸಿಗೆ ಸುಮಾರು 600 ಡಾಲರ್. ಅಕ್ಕಿ, ಬೇಳೆ, ಹುಣಸೆಹಣ್ಣು ಇಂಡಿಯನ್ ಅಂಗಡಿಯಿಂದ, ಅಲ್ಲಿ ಈ ಕಾರ್ಡು ನಡೆಯುವುದಿಲ್ಲ. ಟಾರ್ಗೆಟ್ಟಿಗೆ ಹೋಗುವುದು 150. ಹಾಗಾಗಿ ಕಾರ್ಡು ಮೂರು ತಿಂಗಳಿಗೆ ಮೇಲೆ ಬರುತ್ತದೆ. ಕಾರ್ಡು ಕೊಂಡಾಗ ಉಳಿತಾಯವಾದ 50ನ್ನು ತಿಂಗಳಿಗೆ ಹಂಚಿದರೆ 15. ದೊಡ್ಡ ಮೊತ್ತವಲ್ಲ, ಆದರೆ ಖರ್ಚಾಗಲೇಬೇಕಿದ್ದ ದುಡ್ಡಿನಲ್ಲೇ ಉಳಿದದ್ದು. ಇದನ್ನು ನಾನು ಒಳ್ಳೆಯದು ಅಂತಲೇ ಹೇಳುತ್ತೇನೆ.

ಇನ್ನೊಂದು ಥರದ್ದು ಇದೆ. ಮನೆ ಸಾಮಾನು 50 ಡಾಲರಿಗೆ ಕೊಂಡರೆ 15ರ ಕಾರ್ಡು ಉಚಿತ. ಇಲ್ಲಿ ಹುಷಾರಾಗಿರಬೇಕು. ಮೊದಲ ಸಲ ನನ್ನ ಬಿಲ್ಲು 43 ಆಗಿತ್ತು. 50 ಮುಟ್ಟಿಸಲು ಬೇಡದ ಎರಡು ಬಾಟಲಿ ತಂದೆ. ಮುಂದಿನ ವಾರ 15ರ ಕಾರ್ಡು ಇದೆಯಲ್ಲ ಅಂತ 28ರ ಹೂದಾನಿ ತಂದೆ. ಮನೆಗೆ ಬಂದು ಕೂಡಿಸಿ ನೋಡಿದಾಗ ಹೊಟ್ಟೆ ಉರಿಯಿತು. ಈಗ ಹಾಗಲ್ಲ. ಎರಡು ತಿಂಗಳ ಡೈಪರ್, ಬಟ್ಟೆ ಸೋಪು ಒಟ್ಟಿಗೆ ಆ ವಾರವೇ ತರುತ್ತೇನೆ. ಬಂದ 15 ಹಾಲು ತರಕಾರಿಗೆ ಮಾತ್ರ.

ದುಡ್ಡು ಕೊಟ್ಟು ಕೊಂಡ ಕಾರ್ಡು ಕಡೇಪಕ್ಷ ಐದು ವರ್ಷ ಬದುಕಿರಬೇಕು ಅಂತ ಇಲ್ಲಿ 2009ರಲ್ಲೇ ಕಾನೂನು ಆಗಿದೆ. ಬಿಟ್ಟಿ ಬಂದ ಬೋನಸ್ ಕಾರ್ಡಿಗೆ ಆ ರಕ್ಷಣೆ ಇಲ್ಲ. ಹೋದ ವರ್ಷ ಒಂದು ಹೋಟೆಲಿನ ಬೋನಸ್ ಕಾರ್ಡು ಫೆಬ್ರವರಿ ಕೊನೆಗೆ ಮುಗಿದುಹೋಯಿತು. ಪುಟ್ಟಿಗೆ ಜ್ವರ, ನಾವು ಹೋಗಲೇ ಇಲ್ಲ. ಅವತ್ತಿನಿಂದ ಹೋಟೆಲಿನದು ಮುಟ್ಟಿಲ್ಲ. ಇನ್ನು ಯಾರಾದರೂ ಫೋನ್ ಮಾಡಿ ಕಾರ್ಡಿನ ನಂಬರು ಕೇಳಿದರೆ ಅದು ಮೋಸವೇ, ಅದೂ ಗೊತ್ತು.

ಅಪ್ಪನಿಗೆ ಒಂದು ಮಜಾ ಹೇಳು. ಇಲ್ಲಿ ಕ್ರೋಗರ್ ಅಂಗಡಿಯಲ್ಲಿ ಈರುಳ್ಳಿ ಕೊಂಡರೆ ಪೆಟ್ರೋಲು ಅಗ್ಗ! ಡಾಲರಿಗೊಂದು ಪಾಯಿಂಟು. ನೂರು ಪಾಯಿಂಟಿಗೆ ಗ್ಯಾಲನ್ನಿಗೆ 10 ಸೆಂಟು ಕಡಿಮೆ. ಗ್ಯಾಲನ್ ಅಂದರೆ ಸುಮಾರು 3.8 ಲೀಟರು. ಬೇರೆ ಅಂಗಡಿಯ ಕಾರ್ಡು ಅಲ್ಲಿ ಕೊಂಡರೆ ಕೆಲವು ದಿನ ನಾಲ್ಕರಷ್ಟು ಪಾಯಿಂಟು. ಇವರು ಟ್ಯಾಂಕು ತುಂಬಿಸಿ ಬಂದ ದಿನ ಎಷ್ಟು ಉಳಿಯಿತು ಅಂತ ಬಾಗಿಲಲ್ಲೇ ನಿಂತು ಹೇಳುತ್ತಾರೆ.

ಈಗ ಮುಖ್ಯ ಮಾತು. ಈ 15, 50 ಡಾಲರು ನಂಬಿಕೊಂಡು ನಾವು ಬದುಕುತ್ತಿಲ್ಲ ಅಮ್ಮ. ಅಪ್ಪನ ಆಪರೇಷನ್ ದುಡ್ಡು ಬೇರೆ ಇಟ್ಟಿದ್ದೇವೆ. ಅದಕ್ಕೂ ಕಾರ್ಡಿಗೂ ಸಂಬಂಧವೇ ಇಲ್ಲ. ಇವರ ಕೆಲಸ ಗಟ್ಟಿಯಾಗಿದೆ, ಬಾಡಿಗೆ ಬಾಕಿ ಇಲ್ಲ, ಸಾಲ ಇಲ್ಲ, ಊಟಕ್ಕೆ ತೊಂದರೆ ಇಲ್ಲ. ನಿಜವಾಗಿ ಇಲ್ಲ, ಪುಟ್ಟಿ ಆಣೆ. ಅಪ್ಪ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ ಅಂತ ನೀನೇ ಬರೆದಿದ್ದೀಯ. ಹಾಗಿದ್ದ ಮೇಲೆ ಯುಗಾದಿವರೆಗೆ ಕಾಯುವುದು ಯಾಕೆ? ಡಾಕ್ಟರ ಹತ್ತಿರ ಹೋಗಿ ತಾರೀಕು ತಗೋ. ತಗೊಂಡ ದಿನವೇ ಫೋನ್ ಮಾಡು, ದುಡ್ಡು ಕಳಿಸುತ್ತೇನೆ. ನಿನ್ನ ಬಳೆ ಮಾತ್ರ ಅಡವಿಡಬೇಡ, ಆ ಮಾತೇ ಬೇಡ.

ಪುಟ್ಟಿ ಎದ್ದಳು, ಅಳುತ್ತಿದ್ದಾಳೆ. ಸಣ್ಣತ್ತೆಗೆ ಕೇಳಿದೆ ಅಂತ ಹೇಳು. ಅಪ್ಪನಿಗೆ ರಾತ್ರಿ ಬಿಸಿನೀರು ಶಾಖ ಕೊಡು, ಮರೆಯಬೇಡ.

ಇಂತಿ ನಿನ್ನ ಮಗಳು