ಎಂಟು ಟೇಬಲ್ಲುಗಳ ನಡುವೆ ಒಂದು ಗಿಟಾರ್: ಧಾರವಾಡದ ಗೆಳೆಯನಿಗೆ

ಪಣಜಿ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿ ಮೂರು ವಾರವಾಯಿತು. "ಕೇಳುವವರೇ ಇಲ್ಲದ ಕಡೆ ಕೂತು ಯಾರಿಗಾಗಿ ನುಡಿಸುತ್ತೀಯೋ?" ಎಂಬ ನಿನ್ನ ಪ್ರಶ್ನೆ ಸ್ವಲ್ಪ ಚುಚ್ಚಿದ್ದರಿಂದಲೇ ಉತ್ತರ ತಡವಾಯಿತು. ಧಾರವಾಡದ ಬೈಠಕ್ಕುಗಳಲ್ಲಿ ತಬಲಾ ನುಡಿಸುತ್ತ ಬೆಳೆದ ನಿನಗೆ, ತಾಳ ಒಂದು ಸುತ್ತು ಮುಗಿದು ಸಮಕ್ಕೆ ಬಂದಾಗ ತಲೆದೂಗುವ ನಾಲ್ಕು ಜನರಾದರೂ ಎದುರಿಗಿಲ್ಲದಿದ್ದರೆ ಅದು ಕಛೇರಿಯೇ ಅಲ್ಲವೆನ್ನಿಸುವುದು ಸಹಜ. ಮೊದಲ ವರ್ಷ ನನಗೂ ಹಾಗೆಯೇ ಅನ್ನಿಸುತ್ತಿತ್ತು.

ನಾನು ವಾರಕ್ಕೆ ಮೂರು ಸಂಜೆ ಗಿಟಾರಿನಲ್ಲಿ ಜಾಝ್ ನುಡಿಸುವುದು ಫೊಂಟೇನ್ಹಾಸ್ ಓಣಿಯ ಒಂದು ಪುಟ್ಟ ರೆಸ್ಟೋರೆಂಟಿನಲ್ಲಿ. ಎಂಟೇ ಟೇಬಲ್ಲು, ಅವುಗಳಲ್ಲಿ ಮೂರು ಅಂಗಳದಲ್ಲಿವೆ. ತೆರೆದ ಜಾಗದಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುವುದರಿಂದ ಹತ್ತಕ್ಕೆ ಐದು ನಿಮಿಷವಿರುವಾಗಲೇ ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್ ಆರಿಸುತ್ತೇನೆ. ಜೊತೆಗೆ ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಹಾಡುವವರಿಲ್ಲ.

ಒಬ್ಬನೇ ಜಾಝ್ ನುಡಿಸುವಾಗ ಮೂವರ ಕೆಲಸ ಎರಡೇ ಕೈಗಳಿಗೆ ಬೀಳುತ್ತದೆ. ಬಲಗೈ ಹೆಬ್ಬೆರಳು ದಪ್ಪ ತಂತಿಗಳಲ್ಲಿ ಬಾಸ್, ಅಂದರೆ ತಗ್ಗಿನ ಸ್ವರಗಳನ್ನು ನಡೆಸಬೇಕು, ನಡುವಿನ ತಂತಿಗಳಲ್ಲಿ ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಚ್ಛ ಕೂರಬೇಕು, ತೆಳುವಾದ ಎರಡು ತಂತಿಗಳ ಮೇಲೆ ಹಾಡಿನ ಧಾಟಿ ಹರಿಯಬೇಕು. ಎಡಗೈಯ ನಾಲ್ಕು ಬೆರಳುಗಳಿಗೆ ಇದೆಲ್ಲ ದಕ್ಕಬೇಕಾದರೆ ಕಾರ್ಡಿನ ಎಲ್ಲ ಸ್ವರಗಳನ್ನೂ ಹಿಡಿಯುವ ಆಸೆಯನ್ನು ಬಿಡಬೇಕಾಗುತ್ತದೆ. ಕಾರ್ಡಿನ ಮೂಲ ಸ್ವರದಿಂದ ಎಣಿಸಿದರೆ ಮೂರನೆಯ ಮತ್ತು ಏಳನೆಯ ಸ್ವರಗಳು ಉಳಿದರೆ ಸಾಕು, ಐದನೆಯದನ್ನು ಕೇಳುವ ಕಿವಿಯೇ ತುಂಬಿಕೊಳ್ಳುತ್ತದೆ. ಇನ್ನೊಂದು ಅನುಕೂಲವೂ ಇದೆ. ಟ್ರಂಪೆಟ್, ಸ್ಯಾಕ್ಸೋಫೋನಿನವರಿಗೆ ಒಗ್ಗುವ ಬಿ-ಫ್ಲ್ಯಾಟ್, ಇ-ಫ್ಲ್ಯಾಟ್ ಶ್ರುತಿಗಳ ಹಂಗು ನನಗಿಲ್ಲದ ಕಾರಣ ಹಾಡನ್ನು ಎ ಅಥವಾ ಡಿ ಶ್ರುತಿಗೆ ತಂದುಕೊಳ್ಳುತ್ತೇನೆ; ಆಗ ಬೆರಳಿನಿಂದ ಒತ್ತದೆ ಬಿಟ್ಟ ತಂತಿಯೇ ಬಾಸ್ ಆಗಿ ಮೊಳಗುತ್ತ ಬೆರಳುಗಳಿಗೆ ಬಿಡುವು ಕೊಡುತ್ತದೆ.

ಇಷ್ಟು ಕಲಿತ ಮೇಲೆ ನನಗೆ ಸೊಕ್ಕು ಬಂತು. ಅಮೆರಿಕದ ಜಾಝ್ ಗಿಟಾರ್ ವಾದಕ ಜೋ ಪಾಸ್ 1973ರಲ್ಲಿ ಒಂಟಿ ಗಿಟಾರಿನಲ್ಲೇ ಧ್ವನಿಮುದ್ರಿಸಿದ ಆಲ್ಬಮ್ಮಿನ ಮಿಂಚಿನ ಓಟಗಳನ್ನು ಅಭ್ಯಾಸ ಮಾಡಿಕೊಂಡು ಒಂದು ಶನಿವಾರ ಅವನ್ನೇ ಸುರಿದೆ. ಪಕ್ಕದ ಟೇಬಲ್ಲಿನವರು ದನಿ ಏರಿಸಿದರು. ನಾನು ವಾಲ್ಯೂಮ್ ಏರಿಸಿದೆ. ಅವರು ಇನ್ನಷ್ಟು ಏರಿಸಿದರು. ಗದ್ದಲದಲ್ಲಿ ಮನುಷ್ಯನ ದನಿ ತಾನಾಗಿಯೇ ಏರುವುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ವಿವರಿಸಿದ್ದನೆಂದು ಆಮೇಲೆ ಓದಿಕೊಂಡೆ. ಆ ರಾತ್ರಿ ಮಾತ್ರ ನನಗೆ ಪಾಠ ಹೇಳಿದ್ದು ಹಾವೇರಿ ಕಡೆಯಿಂದ ಬಂದ ನಮ್ಮ ವೇಟರ್ ಹುಡುಗ. "ಅಣ್ಣಾರ, ಸ್ವಲ್ಪ ಸಣ್ಣ ಮಾಡ್ರಿ, ಅವ್ರು ಏನ್ ಆರ್ಡರ್ ಕೊಡಾಕತ್ತಾರ ನನಗ ಕೇಳವಲ್ದು" ಎಂದ.

ಅಲ್ಲಿಂದ ನುಡಿಸುವ ರೀತಿಯೇ ಬದಲಾಯಿತು. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಎತ್ತರದ ಕಂಪನಗಳಿಂದ; ಗಿಟಾರಿನ ಚೂಪು ಸದ್ದು ನೇರವಾಗಿ ಅವುಗಳ ಮೇಲೆಯೇ ಹೋಗಿ ಬೀಳುತ್ತದೆ. ಹಾಗಾಗಿ ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ ಹಾಕಿದೆ, ಟೋನ್ ಇಳಿಸಿದೆ, ತಂತಿ ಮೀಟುವ ಪ್ಲೆಕ್ಟ್ರಮ್ ಬಿಲ್ಲೆ ಬಿಟ್ಟು ಬೆರಳಿನ ಮಾಂಸದಿಂದ ಮೀಟತೊಡಗಿದೆ. ಟೇಬಲ್ಲಿನವರು ದನಿ ಏರಿಸಿದರೆ ಈಗ ನಾನು ಸ್ವರಗಳನ್ನು ಕಡಿಮೆ ಮಾಡುತ್ತೇನೆ. ಬಹಳ ಸಲ ಅವರ ದನಿಯೂ ಇಳಿಯುತ್ತದೆ, ಯಾವಾಗಲೂ ಅಲ್ಲ. ಹುಟ್ಟುಹಬ್ಬದ ಗುಂಪು ಬಂದ ದಿನ ಯಾವ ಉಪಾಯವೂ ನಡೆಯದು.

ಅಮೆರಿಕದ ಕೌಂಟ್ ಬೇಸಿಯ ಜಾಝ್ ತಂಡದಲ್ಲಿ 1937ರಿಂದ ಸುಮಾರು ಐವತ್ತು ವರ್ಷ ಗಿಟಾರ್ ಹಿಡಿದ ಫ್ರೆಡ್ಡಿ ಗ್ರೀನ್ ಆಂಪ್ಲಿಫೈಯರನ್ನು ಬಹುಮಟ್ಟಿಗೆ ದೂರವಿಟ್ಟು, ಒಂದೊಂದು ಕಾರ್ಡಿಗೆ ಎರಡು ಮೂರು ಸ್ವರ ಸಾಕೆಂದು, ಇಡೀ ಬ್ಯಾಂಡಿಗೆ ಲಯ ಕೊಟ್ಟವನು. ನೀನು ಗಾಯಕರ ಹಿಂದೆ ತಾಳದ ಠೇಕಾ ಹಿಡಿದು ಕೂರುವುದಕ್ಕೂ ಅದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಬೈಠಕ್ಕಿನಲ್ಲಿ ತಂಬೂರಿಯ ಕಡೆಗೆ ಜನ ತಿರುಗಿ ನೋಡುವುದು ಅದರ ತಂತಿ ಇಳಿದಾಗ ತಾನೇ? ಅಲ್ಲದೆ, ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಕಲಿತು ಮುಂಬೈಗೆ ಹೋದ ಇದೇ ಗೋವಾದ ವಾದಕರು, ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್‌ನಂಥ ಹೆಸರಾಂತರು ಸಹ, ತಾಜ್ ಹೋಟೆಲಿನಲ್ಲಿ ನುಡಿಸುವಾಗ ಎದುರಿಗಿದ್ದವರು ಉಂಡು ಕುಣಿಯಲು ಬಂದವರೇ. ಅದರಿಂದ ಅವರ ಸಂಗೀತ ಸಣ್ಣದಾಯಿತೆಂದು ನೀನೂ ಹೇಳಲಾರೆ.

ಚೋರ್ಲಾ ಘಾಟಿನ ಬಸ್ಸು ಹಿಡಿದು ಒಂದು ಶುಕ್ರವಾರ ಬಾ. ಅಡುಗೆಮನೆ ಬಾಗಿಲಿನ ಪಕ್ಕದ ಟೇಬಲ್ಲಿಗೆ ಗಿಟಾರ್ ಹೇಗೆ ಕೇಳಿಸುತ್ತದೆಂಬುದು ನನಗಿನ್ನೂ ತಿಳಿದಿಲ್ಲ. ನುಡಿಸುತ್ತಲೇ ಎದ್ದುಹೋಗಿ ಕೇಳಿಬರುವಂತಿಲ್ಲವಲ್ಲ. ನೀನು ಅಲ್ಲಿ ಕೂತು ಊಟ ಮಾಡಿ ಹೇಳು. ತಬಲಾ ಮಾತ್ರ ತರಬೇಡ.

ಇಂತಿ,
ನಿನ್ನ ಗೆಳೆಯ